ಎರಡು ಸೀಟು ಹಿಡಿದವಳು

ಒಂಬೈನೂರ ಎಂಬತ್ತು ಎಂಬ ಸಂಖ್ಯೆ ಎಲ್ಲಿ ಕಂಡರೂ ನನಗೆ ಹೇಸಿಗೆಯಾಗುತ್ತದೆ. ಭೂಮಿಯ ಸೆಳೆತದ ಅಳತೆ ಅದು. ಬಿ.ಎಸ್ಸಿ.ಯಲ್ಲಿ ಫಿಜಿಕ್ಸ್ ಓದಿದವರಿಗೆಲ್ಲ ಬಾಯಿಪಾಠ. ಸಂಖ್ಯೆಯ ತಪ್ಪೇನೂ ಇಲ್ಲ, ಪಾಪ. ಅದನ್ನು ನಾವು ಬಳಸಿದ ರೀತಿ ಹೇಸಿಗೆಯದು. ಎಂ.ಎಸ್ಸಿ.ಗೆ ಎಲೆಕ್ಟ್ರಾನಿಕ್ಸ್ ತೆಗೆದುಕೊಳ್ಳಲೋ ಫಿಜಿಕ್ಸ್ ತೆಗೆದುಕೊಳ್ಳಲೋ ಎಂದು ನಾನು ಎರಡು ವಾರ ಒದ್ದಾಡಿದ ಸಂಗತಿಯನ್ನು ನಮ್ಮ ಮನೆಯಲ್ಲಿ ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಬಂದವರ ಮುಂದೆ ಅವ್ವ ಆ ಮಾತು ತೆಗೆದಳೆಂದರೆ ನಾನು ಎದ್ದು ಒಳಗೆ ಹೋಗುತ್ತೇನೆ. ಒದ್ದಾಟವೂ ಸುಳ್ಳು, ಹೆಮ್ಮೆಯೂ ಸುಳ್ಳು. ನಡೆದದ್ದನ್ನು ನಡೆದ ಹಾಗೆ ಒಮ್ಮೆ ಬರೆದುಬಿಡಬೇಕು ಎಂದು ಕುಳಿತಿದ್ದೇನೆ.

ನಮ್ಮೂರು ಹಾನಗಲ್ ತಾಲೂಕಿನ ತಿಳವಳ್ಳಿ. ಅಪ್ಪ ಭತ್ತ, ಗೋವಿನಜೋಳ ಬೆಳೆಯುವವನು. ಓದಿನ ವಿಷಯಕ್ಕೆ ಅವನು ಎಂದೂ ತಲೆ ಹಾಕಿದವನಲ್ಲ. ಏನು ಕೇಳಿದರೂ "ನಿಮ್ಮ ಮಾಮಾಗ ಕೇಳವಾ" ಎನ್ನುತ್ತಿದ್ದ. ಮಾಮಾ ಎಂದರೆ ಅವ್ವನ ತಮ್ಮ, ಶಿಗ್ಗಾಂವಿಯಲ್ಲಿ ಬಾಂಡ್ ರೈಟರ್. ನೋಂದಣಿ ಕಚೇರಿಯ ಎದುರು ತಗಡಿನ ನೆರಳಲ್ಲಿ ಅವನದೊಂದು ಟೇಬಲ್, ಎರಡು ಪ್ಲಾಸ್ಟಿಕ್ ಕುರ್ಚಿ. ಖರೀದಿಪತ್ರ, ಪಾಲುಪತ್ರ, ಅಫಿಡವಿಟ್, ಮುಚ್ಚಳಿಕೆ ಎಲ್ಲ ಅಲ್ಲೇ ತಯಾರಾಗುತ್ತಿದ್ದವು. ಡಿಗ್ರಿ ಓದಿದ ಮೂರು ವರ್ಷ ನಾನು ಇದ್ದದ್ದು ಅವನ ಮನೆಯಲ್ಲಿ, ಉಂಡದ್ದು ಅವನ ಅನ್ನ. ಹಾಗಾಗಿ ಅವನನ್ನು ಬೈಯುವ ಹಕ್ಕು ನನಗೆ ಎಷ್ಟಿದೆಯೋ ಗೊತ್ತಿಲ್ಲ. ಇದ್ದಷ್ಟನ್ನು ಬಳಸಿಕೊಳ್ಳುತ್ತೇನೆ.

ಕಾಲೇಜಿನ ಹೆಸರು ಬೇಡ. ಅಲ್ಲಿ ನನ್ನ ಲ್ಯಾಬಿನ ಜೋಡಿ ಸವಣೂರಿನ ಹುಡುಗಿ. ಅವಳ ಅಪ್ಪನದು ಪೈಪು, ನಲ್ಲಿ, ಮೊಳೆಗಳ ಅಂಗಡಿ. ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದಳು. ಒಂದು ಟೇಬಲ್ಲಿಗೆ ಇಬ್ಬರಂತೆ ಹಂಚಿದಾಗ ಮೊದಲ ದಿನವೇ ನಾವಿಬ್ಬರೂ ಒಂದೇ ಟೇಬಲ್ಲಿಗೆ ಬಿದ್ದೆವು, ಮೂರು ವರ್ಷ ಅದನ್ನು ಬಿಟ್ಟು ಕದಲಲಿಲ್ಲ. ನನ್ನ ಡಬ್ಬಿಯ ರೊಟ್ಟಿ ಅವಳಿಗೆ, ಅವಳ ಡಬ್ಬಿಯ ಚಪಾತಿ ನನಗೆ. ನಾನು ಕ್ಲಾಸಿಗೆ ಮೊದಲಿಗಳು ಎಂದು ಎಲ್ಲರೂ ಅನ್ನುತ್ತಿದ್ದರು. ಥಿಯರಿಯಲ್ಲಿ ಅವಳು ನನಗಿಂತ ಜಾಣೆ ಎಂಬುದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ನಮ್ಮ ಫಿಜಿಕ್ಸ್ ಲ್ಯಾಬಿನಲ್ಲಿ ಒಬ್ಬ ಅಜ್ಜ ಇದ್ದ. ಅಜ್ಜ ಎಂದರೆ ಮನುಷ್ಯನಲ್ಲ, ಪ್ರಯೋಗಗಳನ್ನು ಬರೆದಿಡುವ ಒಂದು ಹಳೆಯ ಜರ್ನಲ್. ಯಾವ ಕಾಲದ ಯಾವ ವಿದ್ಯಾರ್ಥಿ ಬರೆದದ್ದೋ, ರಟ್ಟು ಹರಿದು, ಮೂರು ಸಲ ಕಂದು ಕಾಗದದ ಹೊದಿಕೆ ಕಂಡಿತ್ತು. ಪ್ರತಿ ಪ್ರಯೋಗದ ರೀಡಿಂಗುಗಳು ಅದರಲ್ಲಿ ಅಚ್ಚುಕಟ್ಟಾಗಿದ್ದವು, ಉತ್ತರಗಳು ಪುಸ್ತಕದಲ್ಲಿದ್ದ ಹಾಗೆಯೇ ಬಂದಿದ್ದವು. ಹಿರಿಯರು ಕಾಲೇಜು ಬಿಟ್ಟು ಹೋಗುವಾಗ ಕಿರಿಯರ ಕೈಗೆ ಅಜ್ಜನನ್ನು ಒಪ್ಪಿಸಿ ಹೋಗುವುದು ಪದ್ಧತಿ. "ಅಜ್ಜ ಯಾರ ಮನ್ಯಾಗದಾನ?" ಎಂದು ಕೇಳಿದರೆ ಸಾಕು, ಅವತ್ತು ಯಾರು ನಕಲು ಮಾಡುತ್ತಿದ್ದಾರೆ ಎಂದು ತಿಳಿಯುತ್ತಿತ್ತು. ರೀಡಿಂಗು ಒಂದೇ ತರಹ ಕಾಣಬಾರದೆಂದು ಕೊನೆಯ ಅಂಕಿಯನ್ನು ಒಬ್ಬರು ಒಂದು ಹೆಚ್ಚಿಸುವುದು, ಇನ್ನೊಬ್ಬರು ಒಂದು ಇಳಿಸುವುದು. ಇದಿಷ್ಟೇ ನಮ್ಮ ಪ್ರಯೋಗ. ಉಪಕರಣಗಳ ಮೇಲಿನ ಧೂಳು ಒರೆಸುವುದು ಪರೀಕ್ಷೆಯ ಹಿಂದಿನ ದಿನ.

ಅವಳಿಗೆ ಅಜ್ಜನನ್ನು ಕಂಡರೆ ಆಗುತ್ತಿರಲಿಲ್ಲ.

ಎರಡನೆಯ ವರ್ಷ ಪೆಂಡುಲಮ್ಮಿನ ಪ್ರಯೋಗ ಬಂತು. ಉದ್ದಕ್ಕೂ ತೂತು ಕೊರೆದ ಲೋಹದ ಪಟ್ಟಿಯನ್ನು ಒಂದೊಂದೇ ತೂತಿನಿಂದ ನೇತುಹಾಕಿ ತೂಗಿಬಿಡಬೇಕು, ಇಪ್ಪತ್ತು ಸಲ ತೂಗಲು ಎಷ್ಟು ಸೆಕೆಂಡು ಹಿಡಿಯಿತೆಂದು ಸ್ಟಾಪ್‌ವಾಚಿನಲ್ಲಿ ನೋಡಬೇಕು. ಅದರಿಂದ ಭೂಮಿಯ ಸೆಳೆತದ ಲೆಕ್ಕ ಬರಬೇಕು. ಅವಳು ತನ್ನ ಮನೆಮಾತಿನಲ್ಲಿ ಏಕ್, ದೋ, ತೀನ್ ಎಂದು ಪಿಸುಗುಟ್ಟುತ್ತ ಎಣಿಸಿದಳು, ನಾನು ಬರೆದುಕೊಂಡೆ. ಲೆಕ್ಕ ಹಾಕಿದರೆ ಒಂಬೈನೂರ ನಲವತ್ತೆರಡು. ಇನ್ನೊಮ್ಮೆ ಮಾಡಿದಳು, ಅದೇ. ಮತ್ತೊಮ್ಮೆ ಮಾಡಿದಳು, ಅದೇ. ಫಿಜಿಕ್ಸ್ ಸರ್ ಬಂದು ಜರ್ನಲ್ಲಿಗೆ ಇಣುಕಿ ನೋಡಿ, "ಸವಣೂರಾಗ ಭೂಮಿ ಹಗೂರ ಆಗೇತೇನವಾ?" ಎಂದರು. ಇಡೀ ಲ್ಯಾಬು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು, ಅವಳ ಪಕ್ಕದಲ್ಲೇ ನಿಂತು.

ಅವಳು ನಗಲಿಲ್ಲ, ಅಳಲೂ ಇಲ್ಲ. ಮರುದಿನ ಸ್ಟಾಪ್‌ವಾಚನ್ನೂ ತನ್ನ ಮೊಬೈಲನ್ನೂ ಪಕ್ಕಪಕ್ಕ ಇಟ್ಟುಕೊಂಡು ಒಂದು ಗಂಟೆ ಕುಳಿತಳು. ಕೀಲಿ ಕೊಡುವ ಆ ಹಳೇ ವಾಚು ಗಂಟೆಗೆ ಒಂದು ನಿಮಿಷಕ್ಕೂ ಹೆಚ್ಚು ಮುಂದೆ ಓಡುತ್ತಿತ್ತು. ಅದನ್ನು ಲೆಕ್ಕಕ್ಕೆ ಹಿಡಿದರೆ ಉತ್ತರ ಹೆಚ್ಚುಕಡಿಮೆ ಸರಿಯಾಗಿಯೇ ಬರುತ್ತಿತ್ತು. ಅಂದರೆ ಎಷ್ಟೋ ವರ್ಷಗಳಿಂದ ಆ ವಾಚು ಕೆಟ್ಟಿತ್ತು, ಎಷ್ಟೋ ವರ್ಷಗಳಿಂದ ಎಲ್ಲರಿಗೂ ಒಂಬೈನೂರ ಎಂಬತ್ತೇ ಬರುತ್ತಿತ್ತು. ಅದು ಕೆಟ್ಟದ್ದು ಯಾರಿಗೂ ಗೊತ್ತಾಗಿರಲಿಲ್ಲ, ಏಕೆಂದರೆ ಅದನ್ನು ಯಾರೂ ಮುಟ್ಟಿರಲೇ ಇಲ್ಲ. ಖುಷಿಯಿಂದ ಓಡಿಹೋಗಿ ಸರ್‌ಗೆ ಹೇಳಿದಳು. ಅವರು ವಾಚನ್ನು ಇಸಿದುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದರು.

"ವಾಚ್ ಕೆಟ್ಟೈತಿ ಅಂತ ಜರ್ನಲ್‌ದಾಗ ಬರದ್ರ ಎಕ್ಸ್‌ಟರ್ನಲ್ ಬಂದವ್ರು ಯಾರಿಗೆ ಕೇಳ್ತಾರ? ನನಗ ಕೇಳ್ತಾರ. ಸುಮ್ನ ಒಂಬೈನೂರ ಎಂಬತ್ತು ಬರಿ."

ಅವಳು ಬರೆಯಲಿಲ್ಲ. ಬಂದ ಉತ್ತರವನ್ನೇ ಬರೆದು, ಕೆಳಗೆ ವಾಚಿನ ದೋಷವನ್ನು ನಾಲ್ಕು ಸಾಲಿನಲ್ಲಿ ವಿವರಿಸಿದಳು. ನಾನು ಅಜ್ಜನನ್ನು ತೆರೆದು ಒಂಬೈನೂರ ಎಂಬತ್ತು ಬರೆದೆ. ಒಂದೇ ಟೇಬಲ್ಲು, ಒಂದೇ ಪೆಂಡುಲಮ್, ಎರಡು ಜರ್ನಲ್ಲು. "ನೀನರ ಖರೇ ಬರೀಬಹುದಿತ್ತಲ್ಲಲೇ" ಎಂದು ಒಮ್ಮೆ ಅಂದಳು, ಅಷ್ಟೇ. ಊರೆಲ್ಲ ಒಂದು ದಾರಿ ಹಿಡಿದರೆ ಎಡವಟ್ಟನದೇ ಒಂದು ದಾರಿ ಎಂದು ನಾನು ಅವಳನ್ನೇ ಆಡಿಕೊಂಡೆ.

ಆ ವರ್ಷದ ಪರೀಕ್ಷೆಗೆ ಬಂದ ಎಕ್ಸ್‌ಟರ್ನಲ್ ಅನ್ನು ಮರೆಯಲಾರೆ. ಮೇಜಿನ ಮೇಲೆ ಗಿರ್ಮಿಟ್, ಮಿರ್ಚಿ, ನಮ್ಮ ಜರ್ನಲ್ಲುಗಳು. ಬಲಗೈಯಲ್ಲಿ ಮಿರ್ಚಿ ಕಚ್ಚಿ, ಅದೇ ಕೈಯನ್ನು ಹಳೇ ಪ್ರಶ್ನೆಪತ್ರಿಕೆಗೆ ಒರೆಸಿ ಸಹಿ ಹಾಕುತ್ತಿದ್ದರು. ನನ್ನ ಜರ್ನಲ್ಲಿನ ಆ ಪುಟಕ್ಕೆ ಎಣ್ಣೆಯ ಹೆಬ್ಬೆಟ್ಟು ಬಿತ್ತು, ಪೂರ್ತಿ ಮಾರ್ಕ್ಸೂ ಬಿತ್ತು. ಅವಳದಕ್ಕೆ ಎಂಟು ಕಡಿಮೆ. ಅವಳು ಬರೆದ ನಾಲ್ಕು ಸಾಲನ್ನು ಅವರು ಓದಲೇ ಇಲ್ಲ, ಉತ್ತರದ ಕೆಳಗೆ ಕೆಂಪು ಗೆರೆ ಎಳೆದು ಮುಂದಿನ ಜರ್ನಲ್ ಎತ್ತಿಕೊಂಡರು.

ಎಲೆಕ್ಟ್ರಾನಿಕ್ಸ್ ಬಗ್ಗೆಯೂ ಹೇಳಬೇಕು, ಯಾಕೆಂದರೆ ನನಗೆ ಇಷ್ಟವಾದದ್ದು ಅದು. ಬೆಸುಗೆಯ ಹೊಗೆಯ ವಾಸನೆ ಇಷ್ಟ. ಚಿಕ್ಕ ಚಿಕ್ಕ ಭಾಗಗಳನ್ನು ಜೋಡಿಸಿ ವಿದ್ಯುತ್ ಕೊಟ್ಟಾಗ ಸಿಆರ್‌ಓ ಪರದೆಯ ಮೇಲೆ ಹಸಿರು ಅಲೆ ಎದ್ದು ನಿಲ್ಲುವುದು ಇಷ್ಟ. ಫಿಜಿಕ್ಸ್‌ನಲ್ಲಿ ಬೇಕಾದ್ದು ಬರೆದುಕೊಳ್ಳಬಹುದು, ಇಲ್ಲಿ ಅಲೆ ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎಂದು ನಂಬಿದ್ದೆ. ಕೊನೆಯ ವರ್ಷದ ಪರೀಕ್ಷೆಯಲ್ಲಿ ನನ್ನ ಸರ್ಕ್ಯೂಟಿನಿಂದ ಅಲೆ ಬರಲಿಲ್ಲ. ಬೆವರುತ್ತ ನಿಂತಿದ್ದೆ. ಲ್ಯಾಬಿನ ಅಟೆಂಡರ್ ಟೇಬಲ್ಲಿನ ಕೆಳಗಿನಿಂದ ಒಂದು ವೈರು ತೂರಿಸಿ, ಅಲೆ ಹುಟ್ಟಿಸುವ ಬೇರೊಂದು ಯಂತ್ರದಿಂದ ನೇರ ನನ್ನ ಪರದೆಗೆ ಸಿಕ್ಕಿಸಿದ. ಪ್ರತಿ ವರ್ಷ ನಾಲ್ಕಾರು ಮಂದಿಗೆ ಮಾಡುವ ಸೇವೆಯಂತೆ. ಪರೀಕ್ಷಕರು ಬಂದು "ಭಾಳ ಚಂದ ಬಂದೈತಿ" ಎಂದರು. ನಾನು "ಥ್ಯಾಂಕ್ಯೂ ಸರ್" ಎಂದೆ.

ಇಂಥ ಮಾರ್ಕ್ಸು ಹಿಡಿದುಕೊಂಡು ನಾನು ಎಂ.ಎಸ್ಸಿ.ಗೆ ಅರ್ಜಿ ಹಾಕಿದೆ. ಎಲೆಕ್ಟ್ರಾನಿಕ್ಸ್‌ಗೂ ಹಾಕಿದೆ, ಫಿಜಿಕ್ಸ್‌ಗೂ ಹಾಕಿದೆ. ಅವಳು ಹಾಕಿದ್ದು ಫಿಜಿಕ್ಸ್‌ಗೆ ಮಾತ್ರ. ಅವರ ಮನೆಯಲ್ಲಿ ಮಾತಾಗಿಹೋಗಿತ್ತು. ಮೆರಿಟ್ಟಿನ ಸೀಟು ಸಿಕ್ಕರೆ ಕಳಿಸುವುದು, ಸಿಗದಿದ್ದರೆ ಬಿ.ಎಡ್., ಒಂದು ವರ್ಷ ಸುಮ್ಮನೆ ಮನೆಯಲ್ಲಿ ಕೂರಿಸುವ ಮಾತಿಲ್ಲ. ಅವಳ ಅಪ್ಪ ಮಾತು ಕೊಟ್ಟರೆ ಕೊಟ್ಟ ಹಾಗೆ, ತೆಗೆದರೆ ತೆಗೆದ ಹಾಗೆ. ಇದನ್ನು ಅವಳು ನನಗೆ ಹತ್ತು ಸಲ ಹೇಳಿದ್ದಳು.

ಮೊದಲು ಎಲೆಕ್ಟ್ರಾನಿಕ್ಸ್‌ನವರು ಕರೆದರು. ಸೀಟು ಸಿಕ್ಕಿತು, ಮೂಲ ಅಂಕಪಟ್ಟಿಗಳನ್ನು ಕೊಟ್ಟು ಸೇರಿದೆ. ಅಲ್ಲಿಗೆ ಮುಗಿಯಬೇಕಿತ್ತು. ನನಗೆ ಬೇಕಾದ ಓದು, ಬೇಕಾದ ಸೀಟು. ನಾಲ್ಕು ದಿನಕ್ಕೆ ಫಿಜಿಕ್ಸ್‌ನವರೂ ಕರೆದರು. ಹೋಗುವುದಿಲ್ಲ ಎಂದು ನಾನು ಹೇಳುವ ಮೊದಲೇ ಮಾಮಾ ಚಹಾದ ಬಸಿಯನ್ನು ಕೆಳಗಿಟ್ಟ.

"ಬಂದ ಸೀಟು ಯಾರರ ಬಿಡತಾರೇನು, ಹುಚ್ಚೀ? ಲೆಕ್ಚರರ್ ಪೋಸ್ಟು ಬೀಳೂದು ಫಿಜಿಕ್ಸಿಗೆ. ಕಂಪನಿ ಕೆಲಸ ಸಿಗೂದು ಎಲೆಕ್ಟ್ರಾನಿಕ್ಸಿಗೆ. ಎರಡೂ ಹಿಡಕೊಂಡು ಕುಂದ್ರೂಣು. ಆಮ್ಯಾಲೆ ನೋಡಿದ್ರಾತು."

"ಮಾರ್ಕ್ಸ್ ಕಾರ್ಡ್ ಅಲ್ಲಿ ಕೊಟ್ಟೇನಿ ಮಾಮಾ. ಇಲ್ಲಿ ಏನ ಕೊಡ್ಲಿ?"

"ನಾ ಯಾಕದೇನಿ ಮತ್ತ?"

ಅವತ್ತೇ ಸ್ಟಾಂಪ್ ಪೇಪರಿನ ಮೇಲೆ ಒಂದು ಮುಚ್ಚಳಿಕೆ ತಯಾರಾಯಿತು. ಸದರಿ ವಿದ್ಯಾರ್ಥಿನಿಯಾದ ನನ್ನ ಮೂಲ ಅಂಕಪಟ್ಟಿಗಳು ಕಾಲೇಜಿನಿಂದ ಇನ್ನೂ ಕೈಸೇರಿರುವುದಿಲ್ಲವಾಗಿ, ಇಂದಿನಿಂದ ಹದಿನೈದು ದಿನಗಳೊಳಗಾಗಿ ಹಾಜರುಪಡಿಸಲು ಬದ್ಧಳಾಗಿರುತ್ತೇನೆ ಎಂದು. ಮಾಮಾ ಅದನ್ನು ಗಟ್ಟಿಯಾಗಿ ಓದಿ, ಪಕ್ಕದ ಟೇಬಲ್ಲಿನವನಿಗೂ ಓದಿ ತೋರಿಸಿ, ಎಂಜಲು ಬೆರಳಿನಿಂದ ಪುಟ ತಿರುವಿ ನನ್ನ ಮುಂದಿಟ್ಟ. "ಕಾಗದದ ಮ್ಯಾಲೆ ಬಂದದ್ದು ಸುಳ್ಳಲ್ಲವಾ" ಎಂದ. ಸಹಿ ಹಾಕಿದೆ. ನನ್ನ ಕೈಯನ್ನು ಯಾರೂ ಹಿಡಿದು ಹಾಕಿಸಲಿಲ್ಲ. ಫಿಜಿಕ್ಸ್ ಆಫೀಸಿನವರು ಆ ಕಾಗದ ಇಟ್ಟುಕೊಂಡು ನನ್ನನ್ನು ಸೇರಿಸಿಕೊಂಡರು. ಮರುದಿನ ಕಾಯುವವರ ಪಟ್ಟಿ ಹೊರಬಿತ್ತು. ಅದರಲ್ಲಿ ಮೊದಲ ಹೆಸರು ಅವಳದು. ಪಟ್ಟಿಯಲ್ಲಿ ನನಗೂ ಅವಳಿಗೂ ಇದ್ದ ಅಂತರ ಐದು ಮಾರ್ಕ್ಸು. ಒಬ್ಬರು ಬಿಟ್ಟರೆ ಸಾಕಿತ್ತು.

ಅವತ್ತೇ ಸಂಜೆ ಫೋನ್ ಮಾಡಿದಳು. ದನಿಯಲ್ಲಿ ಹಬ್ಬವಿತ್ತು.

"ಕಾಯೂ ಪಟ್ಟ್ಯಾಗ ನಂದ ಮೊದಲ ಹೆಸರು ಐತಲೇ. ಯಾರರ ಒಬ್ರು ಬಿಟ್ರ ನಂದ. ನಿಂದೇನಾತು?"

"ಎಲೆಕ್ಟ್ರಾನಿಕ್ಸಿಗೆ ಸೇರೇನಿ" ಎಂದೆ.

"ಹೌದಾ! ಭಾಳ ಚಲೋ ಆತು" ಎಂದಳು. ಅವಳ ಮಾತಿನ ಅರ್ಥ ನನಗೆ ಆ ಕ್ಷಣವೇ ಆಯಿತು. ಫಿಜಿಕ್ಸ್ ಪಟ್ಟಿಯಲ್ಲಿ ನನ್ನ ಹೆಸರು ಅವಳಿಗಿಂತ ಮೇಲಿದ್ದುದನ್ನು ಅವಳು ನೋಡಿದ್ದಳು. ನಾನು ಎಲೆಕ್ಟ್ರಾನಿಕ್ಸ್‌ಗೆ ಸೇರಿದೆ ಎಂದರೆ ಆ ಜಾಗ ತೆರವಾಯಿತು, ತಾನು ಒಳಗೆ ಬಂದಂತೆಯೇ ಎಂದು ಲೆಕ್ಕ ಹಾಕಿದ್ದಳು. "ಫಿಜಿಕ್ಸಿಗೂ ಸೇರೇನಿ" ಎಂಬ ಎರಡು ಶಬ್ದ ಬಾಯಿಯ ತನಕ ಬಂದವು. ನುಂಗಿಕೊಂಡು, "ಆತು, ಇಡ್ಲಾ?" ಎಂದೆ.

ಆಮೇಲೆ ಶುರುವಾಯಿತು ನನ್ನ ಹೆಸರುವಾಸಿ ಒದ್ದಾಟ. ಎಲ್ಲಿ ಹೋದರೂ ಅದೇ ಮಾತು. ಎರಡು ಸೀಟು ಹಿಡಿದ ಹುಡುಗಿ ಎಂದು ಮಾಮಾ ತನ್ನ ಟೇಬಲ್ಲಿಗೆ ಬಂದ ಗಿರಾಕಿಗಳಿಗೆಲ್ಲ ಹೇಳಿದ. ಹೊಲದ ಕಾಗದ ಮಾಡಿಸಲು ಬಂದವರೂ ಕನ್ನಡಕ ತೆಗೆದು ನನ್ನ ಮುಖ ನೋಡಿ ಸಲಹೆ ಕೊಟ್ಟರು. ಎಲೆಕ್ಟ್ರಾನಿಕ್ಸ್ ಎಂದರೆ ಟಿವಿ ರಿಪೇರಿ ಎಂದು ತಿಳಿದವನು ಒಬ್ಬ. ಎರಡನ್ನೂ ಬಿಟ್ಟು ನರ್ಸಿಂಗ್ ಮಾಡಿಸಿ ಎಂದವನು ಇನ್ನೊಬ್ಬ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದಕ್ಕೆ ನಮ್ಮಲ್ಲಿ ಜನರ ಕೊರತೆಯಿಲ್ಲ. ನಾನು ಹಣೆ ಗಂಟಿಕ್ಕಿ ಎಲ್ಲರ ಮಾತು ಕೇಳುತ್ತಿದ್ದೆ, ನನಗೆ ನಿಜವಾಗಿಯೂ ತೋಚುತ್ತಿಲ್ಲ ಎನ್ನುವಂತೆ. ತೋಚದೇ ಇದ್ದದ್ದು ಏನೂ ಇರಲಿಲ್ಲ. ಫಿಜಿಕ್ಸ್ ನನಗೆ ಬೇಡವಾಗಿತ್ತು, ಅದು ಮೊದಲ ದಿನದಿಂದ ಗೊತ್ತಿತ್ತು. ಆದರೆ ಎರಡೂ ನನ್ನ ಕೈಯಲ್ಲಿವೆ ಎನ್ನುವುದಕ್ಕೆ ಒಂದು ರುಚಿ ಇದೆ. ಅದನ್ನು ಒಮ್ಮೆ ನೆಕ್ಕಿದ ನಾಲಿಗೆ ಸುಮ್ಮನಿರುವುದಿಲ್ಲ.

ಫಿಜಿಕ್ಸ್‌ನವರ ನೋಟಿಸನ್ನು ಸೇರಿದ ದಿನವೇ ಫೋಟೋ ತೆಗೆದುಕೊಂಡಿದ್ದೆ. ಕಾಯುವ ಪಟ್ಟಿಯವರನ್ನು ಶನಿವಾರ ಸಂಜೆ ಐದರ ತನಕ ಮಾತ್ರ ಸೇರಿಸಿಕೊಳ್ಳಲಾಗುವುದು ಎಂದಿತ್ತು. ಸೀಟು ಬಿಡುವವರು ಫೋನಿನಲ್ಲಿ ತಿಳಿಸಿದರೂ ಸಾಕು ಎಂದೂ ಇತ್ತು, ಕೆಳಗೆ ನಂಬರೂ ಇತ್ತು. ನನ್ನ ಮುಚ್ಚಳಿಕೆಯ ಗಡುವು ಸೋಮವಾರಕ್ಕಿತ್ತು. ಶನಿವಾರಕ್ಕೂ ಸೋಮವಾರಕ್ಕೂ ನಡುವೆ ಏನಿದೆ ಎಂಬುದು ತಿಳಿಯದಷ್ಟು ದಡ್ಡಿ ನಾನಲ್ಲ. "ಮೊದಲ ಹೋಗಿ ಬಿಡಾಕ ನಿನಗೇನ ಬ್ಯಾನಿ? ಸೋಮವಾರದ ತನಕ ನಿನ್ನ ಹಕ್ಕು ಐತಿ" ಎಂದು ಮಾಮಾ ಹೇಳಿದ್ದ. ನಾನು ಅವನ ಮಾತಿನ ಹಿಂದೆ ಅಡಗಿ ಕುಳಿತೆ.

ಆ ವಾರ ನಾನು ಊರಿಗೆ ಬಂದಿದ್ದೆ. ಶನಿವಾರವೇ ಮಾಮಾ ತಿಳವಳ್ಳಿಗೆ ಬಂದು ನನ್ನನ್ನು ಹಿರೇಕೆರೂರಿಗೆ ಕರೆದುಕೊಂಡು ಹೋದ. ಅಲ್ಲಿ ಅವನ ಪರಿಚಯದ ಫಿಜಿಕ್ಸ್ ಲೆಕ್ಚರರ್ ಒಬ್ಬರು ಇದ್ದರು, ಮಹಡಿಯ ಮೇಲೆ ಟ್ಯೂಶನ್ ನಡೆಸುವವರು. ಅವರ ಒಂದು ಮಾತು ಕೇಳಿಬಿಟ್ಟರೆ ಎಲ್ಲ ಬಗೆಹರಿಯುತ್ತದೆ ಎಂದು ಮಾಮಾನ ವಾದ. ಅವರು ಊಟ ಮುಗಿಸಿ, ತೇಗಿ, ಪೆನ್ನಿನ ಕ್ಯಾಪಿನಿಂದ ಕಿವಿ ಕೆರೆದುಕೊಂಡು, ಕ್ಯಾಪನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಮತ್ತೆ ಪೆನ್ನಿಗೆ ಹಾಕಿದರು. ಆಮೇಲೆ ಮಾತಾಡಿದರು.

"ಫಿಜಿಕ್ಸ್ ತಗೋರಿ. ಎಲೆಕ್ಟ್ರಾನಿಕ್ಸಿಗೆ ಈಗ ಹುಡುಗ್ರ ಬರೂದಿಲ್ಲ. ಫಿಜಿಕ್ಸ್ ಆದ್ರ ನೌಕರಿ ಸಿಗದಿದ್ರೂ ಟ್ಯೂಶನ್ನರ ನಡೀತೈತಿ. ಪ್ರಾಕ್ಟಿಕಲ್ ಗೀಕ್ಟಿಕಲ್ ಯಾರೂ ಕೇಳೂದಿಲ್ಲ, ಹೆದರಬ್ಯಾಡ್ರಿ."

"ಎರಡೂ ಹಿಡಿದೇವ್ರಿ ಸರ್" ಎಂದ ಮಾಮಾ.

"ಭಾಳ ಶ್ಯಾಣ್ಯಾತನ ಮಾಡೀರಿ" ಎಂದರು. ನಾನು ಅಲ್ಲಿ ಕುಳಿತು, ಅವರ ಮೇಜಿನ ಮೇಲೆ ಅಂಟಿಕೊಂಡಿದ್ದ ಒಣ ಅನ್ನದ ಅಗಳನ್ನು ನೋಡುತ್ತಿದ್ದೆ. ಫಿಜಿಕ್ಸ್‌ಗಾಗಿ ಪ್ರಾಣ ಬಿಡುವವಳೊಬ್ಬಳು ಇಪ್ಪತ್ತು ಸಲದ ತೂಗಾಟವನ್ನು ಮೂರು ಮೂರು ಬಾರಿ ಎಣಿಸಿದ್ದಳು. ಅವಳ ಜಾಗವನ್ನು ಹಿಡಿದು ಕುಳಿತವಳಿಗೆ ಇವರು ಶ್ಯಾಣ್ಯಾತನದ ಸರ್ಟಿಫಿಕೇಟ್ ಕೊಡುತ್ತಿದ್ದರು.

ವಾಪಸ್ಸು ಬರುವಾಗ ಬಸ್ಸು ಚಿಕ್ಕೇರೂರಿನಲ್ಲಿ ಬಹಳ ಹೊತ್ತು ನಿಂತಿತು. ಮಾಮಾ ಬಾಯಿ ತೆರೆದು ನಿದ್ದೆ ಹೋಗಿದ್ದ. ಫೋನು ನನ್ನ ಕೈಯಲ್ಲಿತ್ತು, ಗಂಟೆ ಮೂರೂಮುಕ್ಕಾಲು. ನೋಟಿಸಿನ ಫೋಟೋ ತೆರೆದೆ, ನಂಬರು ಒತ್ತಿದೆ, ಹಸಿರು ಗುಂಡಿಯ ಮೇಲೆ ಬೆರಳು ಇಟ್ಟೆ. ಒಂದು ಮಾತು ಸಾಕಿತ್ತು. ಬೆರಳು ತೆಗೆದೆ. ಯಾಕೆ ಎಂದು ಈ ವರ್ಷಗಳಲ್ಲಿ ಎಷ್ಟೋ ಸಲ ಕೇಳಿಕೊಂಡಿದ್ದೇನೆ, ಬರುವ ಉತ್ತರ ಒಂದೇ, ಮತ್ತು ಅದು ನಾರುತ್ತದೆ. ಅವಳು ಅಲ್ಲಿಗೆ ಬರುವುದು ನನಗೆ ಬೇಕಿರಲಿಲ್ಲ. ಎರಡು ವರ್ಷ ಒಂದೇ ಯೂನಿವರ್ಸಿಟಿಯಲ್ಲಿ, ಒಂದೇ ಹಾಸ್ಟೆಲಿನಲ್ಲಿ, ನನ್ನ ಜರ್ನಲ್ಲಿನಲ್ಲಿ ಏನಿತ್ತು ಎಂದು ಬಲ್ಲ ಒಬ್ಬಳು ನನ್ನ ಎದುರು ಓಡಾಡುವುದು ಬೇಕಿರಲಿಲ್ಲ. ಅಲ್ಲಿ ನಾನು ಮೊದಲಿಗಳಾಗಿ ಹೊಸದಾಗಿ ಹುಟ್ಟಬೇಕಿತ್ತು. ತಾನೂ ತಿನ್ನ, ಪರರಿಗೂ ಕೊಡ ಎನ್ನುತ್ತಾರಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಕೆಲಸ ಇದು. ಬಸ್ಸು ಹೊರಟಿತು. ತಿಳವಳ್ಳಿಯಲ್ಲಿ ಇಳಿದಾಗ ಐದು ಹೊಡೆಯಲು ಇನ್ನೂ ಹೊತ್ತಿತ್ತು. ಮನೆಗೆ ಹೋಗಿ ಕೈಕಾಲು ತೊಳೆದು ಅವಲಕ್ಕಿ ತಿಂದೆ.

ಸೋಮವಾರ ಹೋಗಿ ಫಿಜಿಕ್ಸ್ ಸೀಟು ಬಿಡುತ್ತೇನೆ ಎಂದು ಬರೆದುಕೊಟ್ಟೆ. ಮಾಮಾಗೆ ಸಿಟ್ಟು ಬಂತು. ಬರಲಿ ಎಂದು ಬಿಟ್ಟೆ. ಆಫೀಸಿನಲ್ಲಿದ್ದ ಹೆಂಗಸು ನನ್ನ ಅರ್ಜಿ ಓದಿ, ನನ್ನನ್ನು ನೋಡಿ, ಮತ್ತೆ ಅರ್ಜಿ ಓದಿದಳು.

"ಶನಿವಾರ ಹೇಳಿದ್ರ ಮುಂದಿನಾಕಿಗೆ ಕೊಡತಿದ್ವೆಲ್ಲ. ಈಗ ಇದು ಯಾರಿಗೂ ಇಲ್ಲ. ಎರಡು ವರ್ಷ ಖಾಲಿನ ಹೋಗತೈತಿ."

"ಏನರ ಮಾಡಾಕ ಬರೂದಿಲ್ಲೇನ್ರಿ?"

"ನಿಮಗ ಬ್ಯಾಡಾಗಿದ್ರ ಹಿಡಿದರ ಯಾಕ ಹಿಡಿದ್ರಿ?" ಎಂದಳು. ಬೈದದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು. ನಾನು ಹೊರಗೆ ಬಂದೆ.

ಮರುದಿನ ಸವಣೂರಿಗೆ ಹೋದೆ. ಹೇಳಿ ಹಗುರಾಗಬೇಕು ಎಂಬ ಆಸೆ, ಅದೂ ಒಂದು ಸ್ವಾರ್ಥವೇ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಗಡುವು ಗೊತ್ತಾಗಲಿಲ್ಲ ಎನ್ನಲೋ, ಮಾಮಾ ಬಿಡಲಿಲ್ಲ ಎನ್ನಲೋ, ನೆಟ್‌ವರ್ಕ್ ಇರಲಿಲ್ಲ ಎನ್ನಲೋ. ಬಂಕಾಪುರ ದಾಟುವ ಹೊತ್ತಿಗೆ ಮೂರು ಸುಳ್ಳು ತಯಾರಿದ್ದವು, ಮೂರೂ ಒಂದಕ್ಕಿಂತ ಒಂದು ಚೆನ್ನಾಗಿದ್ದವು.

ಅವರ ಮನೆ ಅಂಗಡಿಯ ಹಿಂದೆ. ಅವಳು ಅಂಗಳದಲ್ಲಿ ಕುಳಿತು ಬಿ.ಎಡ್. ಅರ್ಜಿ ತುಂಬುತ್ತಿದ್ದಳು. ನನ್ನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿದಳು. ನಾನು ಕುಳಿತೆ. ಒಂದು ಸುಳ್ಳೂ ನೆನಪಿಗೆ ಬರಲಿಲ್ಲ.

"ನಾ ಫಿಜಿಕ್ಸಿಗೂ ಸೇರಿದ್ದೆ. ನಿನ್ನೆ ಬಿಟ್ಟೆ" ಎಂದೆ.

"ಗೊತ್ತೈತಿ."

"ಹೆಂಗ?"

"ಶುಕ್ರವಾರ ಅಲ್ಲಿಗೆ ಹೋಗಿದ್ದೆ, ಅಬ್ಬಾನ ಕರಕೊಂಡು. ನೀ ಬಿಟ್ಟೀ ಅಂತ ತಿಳಕೊಂಡು ಸೇರಾಕಂತನ ಹೋಗಿದ್ದೆ. ಎರಡೂ ಡಿಪಾರ್ಟ್‌ಮೆಂಟಿನ ಪಟ್ಟ್ಯಾಗ ನಿನ್ನ ಹೆಸರಿತ್ತು." ಅವಳು ಅರ್ಜಿಯಿಂದ ಕಣ್ಣೆತ್ತಲಿಲ್ಲ, ಬರೆಯುತ್ತಲೇ ಇದ್ದಳು. "ಶನಿವಾರ ಮತ್ತ ಹೋದೆ. ಐದರ ತನಕ ಆಫೀಸಿನ ಮುಂದಿನ ಕಟ್ಟಿ ಮ್ಯಾಲೆ ಕುಂತಿದ್ದೆ. ಅಬ್ಬಾನೂ ಕುಂತಿದ್ರು."

ಆ ಶನಿವಾರ ನಾನು ಅವಲಕ್ಕಿ ತಿನ್ನುತ್ತಿದ್ದೆ.

"ಒಂದು ಫೋನ್ ಮಾಡಿದ್ರ ಬಿಡತಿದ್ದೆನಲ್ಲಲೇ. ಯಾಕ ಮಾಡ್ಲಿಲ್ಲ?"

ಆಗ ತಲೆ ಎತ್ತಿ ನೋಡಿದಳು. ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಬಿಡತಿದ್ದಿ, ಅದೂ ಗೊತ್ತಿತ್ತು. ಆಮ್ಯಾಲೆ ಎರಡು ವರ್ಷ ನೀ ಕೊಟ್ಟ ಸೀಟಿನ್ಯಾಗ ನಾ ಓದಬೇಕಾಗಿತ್ತು. ಅದು ನಿಂದಾಗಿತ್ತೇನು, ನೀ ನನಗ ಕೊಡಾಕ?"

ಅಂಗಡಿಯಲ್ಲಿ ಅವಳ ಅಪ್ಪ ಯಾರಿಗೋ ಪೈಪು ಅಳೆದು ಕತ್ತರಿಸುತ್ತಿದ್ದ ಸದ್ದು ಕೇಳುತ್ತಿತ್ತು. ಅವರೂ ಆ ಕಟ್ಟೆಯ ಮೇಲೆ ಕುಳಿತು ಬಂದವರು. ನಾನು ಒಳಗೆ ಬರುವಾಗ "ಬಾರವಾ, ಅರಾಮದೀ?" ಎಂದು ಕೇಳಿದ್ದರು. ಅವಳು ಮನೆಯಲ್ಲಿ ನನ್ನ ಹೆಸರು ಹೇಳಿಲ್ಲ ಎಂಬುದು ಆಗ ತಿಳಿಯಿತು. ಪಟ್ಟಿಯಲ್ಲಿ ಯಾರ ಹೆಸರು ನೋಡಿ ಅವಳ ಮುಖ ಬಾಡಿತೆಂದು ಅವರಿಗೆ ಗೊತ್ತೇ ಇರಲಿಲ್ಲ.

ಏಳಬೇಕು ಎಂದುಕೊಳ್ಳುವಷ್ಟರಲ್ಲಿ ಅವಳ ಅಮ್ಮ ಚಹಾ ತಂದರು. ನಾನು ಅವರನ್ನು ಚಾಚಿ ಎಂದು ಕರೆಯುತ್ತಿದ್ದೆ. ನನ್ನ ಪಕ್ಕದಲ್ಲಿ ಕುಳಿತು, ಕಪ್ಪನ್ನು ನನ್ನ ಕೈಗೆ ಕೊಟ್ಟು, ತಲೆ ಸವರಿದರು.

"ಎಲೆಕ್ಟ್ರಾನಿಕ್ಸ್ ಸಿಕ್ತಂತ, ಚಲೋ ಆತು ಬೇಟಿ. ಓದಿದ್ದಕ್ಕ ಸಾರ್ಥಕ ಆತು. ನಮ್ಮಾಕಿದು ಮುಗೀತು ನೋಡು. ಎಲ್ಲಾದಕ್ಕೂ ಹಟಾ, ಹಟಾ ಮಾಡೇ ಮಾರ್ಕ್ಸ್ ಕಳಕೊಂಡ್ಲು. ನನ್ನ ಮಾತು ಕೇಳೂದಿಲ್ಲ, ನಿನ್ನ ಮಾತರ ಕೇಳ್ತಾಳ. ನಿನ್ನಂಗ ಇರೂದು ಆಕಿಗೂ ಒಂಚೂರು ಕಲಸು."

ಅವಳು ಅರ್ಜಿಯ ಕೊನೆಯ ಪುಟ ತಿರುವಿ ಸಹಿ ಹಾಕುತ್ತಿದ್ದಳು. ನಾನು ಬಿಸಿ ಚಹಾ ಗುಟುಕರಿಸಿ, "ಹೂಂರಿ ಚಾಚಿ" ಎಂದೆ.